ಜಯಮ್ಮನ ಹಲ್ಲು, ಸಾಹೇಬರ ಡ್ಯೂಟಿ

ಮೊನ್ನೆ ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಸಿಹಿ ಕೊಡಲು ಬಂದವಳು, ನಿಮ್ಮ ಸರ್ವೀಸಿನಲ್ಲಿ ಮರೆಯಲಾಗದ ಕೇಸು ಯಾವುದು ಎಂದು ಕೇಳಿದಳು. ಅಡ್ಡ ತಿರುಗಿದ ಕೂಸು, ಎತ್ತಿನ ಗಾಡಿಯಲ್ಲೇ ಆದ ಹೆರಿಗೆ, ಇಂಥದ್ದೇನೋ ಹೇಳುತ್ತೇನೆಂದು ಅವಳ ಲೆಕ್ಕ. ನಾನು 'ಒಂದು ದವಡೆ ಹಲ್ಲು' ಎಂದೆ. ಪಾಪ, ಅವಳು ನಮ್ಮ ಯಜಮಾನರ ಮುಖ ನೋಡಿದಳು. ಅವರು, 'ಹೌದಮ್ಮ, ಆ ಹಲ್ಲನ್ನು ನಾನೂ ಬೇಕಾದಷ್ಟು ಸಲ ಕೇಳಿದ್ದೇನೆ' ಎಂದು ಪೇಪರಿನ ಹಿಂದೆ ಸರಿದುಕೊಂಡರು.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ತಪ್ಪಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಮದ್ದೂರು–ಮಳವಳ್ಳಿ ನಡುವಿನ ಹಳ್ಳಿಗಳಲ್ಲಿ ಹೆಲ್ತ್ ವಿಸಿಟರ್ ಆಗಿದ್ದೆ. ಜನ ಕರೆಯುತ್ತಿದ್ದದ್ದು ನರ್ಸಮ್ಮ ಅಂತ. ಕೈಯಲ್ಲೊಂದು ಚೀಲ, ಬಿಳಿ ಸೀರೆ, ಬಸ್ಸು ಇದ್ದ ಕಡೆ ಬಸ್ಸು, ಇಲ್ಲದ ಕಡೆ ಕಬ್ಬಿನ ಗದ್ದೆಯ ಬದು. ಬಸುರಿ, ಬಾಣಂತಿ, ಕೂಸುಗಳನ್ನು ನೋಡುವುದು ನನ್ನ ಕೆಲಸ. ಆದರೆ ಮೇಲಿನವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ನಿಗೆ ಕೇಸು ಎಷ್ಟು ತಂದೆ ಅಂತ. ನಾವು ಊರಿಗೆ ಕಾಲಿಟ್ಟರೆ ಎರಡು ಮಕ್ಕಳಾದ ಗಂಡಸರು ಹಿತ್ತಲ ಬಾಗಿಲಿಂದ ಗದ್ದೆಗೆ ಓಡಿಹೋಗುತ್ತಿದ್ದರು. ಆ ಕಾಲದಲ್ಲಿ ನಮ್ಮಿಂದಾಗಿ ನಮ್ಮ ಕಡೆ ಬೇಸಾಯ ಚೆನ್ನಾಗಿ ನಡೆಯಿತು ಎಂದರೂ ತಪ್ಪಿಲ್ಲ.

ಹೀಗೆ ಮನೆ ಮನೆ ತಿರುಗುವಾಗ ಹಜಾರದ ಮೂಲೆಯಲ್ಲಿ ಒಂದು ಮಂಚ ಕಾಣುತ್ತಿತ್ತು. ಎಲ್ಲ ಮನೆಯಲ್ಲಲ್ಲ, ಆದರೆ ಪ್ರತಿ ಊರಲ್ಲೂ ಇದ್ದೇ ಇರುತ್ತಿತ್ತು. ಅದರ ಮೇಲೆ ಲಕ್ವ ಹೊಡೆದವರು, ಸೊಂಟ ಮುರಿದುಕೊಂಡವರು, ಬರೀ ವಯಸ್ಸಾದವರು. ಮಂಚದ ಪಕ್ಕ ಒಬ್ಬಳು ಹೆಂಗಸು. ಅವರು ಯಾರೂ ನಮ್ಮ ಪಟ್ಟಿಗೆ ಬರುತ್ತಿರಲಿಲ್ಲ. ಮಂಚದ ಮೇಲಿದ್ದವರು ಬಸುರಿಯಲ್ಲ, ಪಕ್ಕದಲ್ಲಿದ್ದವಳಿಗೆ ಕಾಯಿಲೆಯಿಲ್ಲ.

ಅಂಥ ಒಂದು ಮಂಚದ ಮೇಲಿದ್ದವರು ದೊಡ್ಡತಾಯಮ್ಮ. ಬಲಗೈ, ಬಲಗಾಲು ಬಿದ್ದುಹೋಗಿತ್ತು. ಆ ಕಡೆ ಹೋದ ಶಕ್ತಿಯೆಲ್ಲ ನಾಲಿಗೆಗೆ ಬಂದು ಸೇರಿತ್ತು. ನೋಡಿಕೊಳ್ಳುತ್ತಿದ್ದವಳು ಸೊಸೆ ಜಯಮ್ಮ. ಮಗ ಸಿದ್ದೇಗೌಡ ಒಳ್ಳೆಯವನೇ, ಅಮ್ಮನ ಮೇಲೆ ಪ್ರಾಣ. ಆದರೆ ಅಮ್ಮನ ಬಟ್ಟೆ ಬದಲಾಯಿಸುವ ಹೊತ್ತಾದಾಗಲೆಲ್ಲ ಅವನಿಗೆ ಗದ್ದೆಗೆ ನಾಲೆ ನೀರು ಕಟ್ಟುವುದು ನೆನಪಾಗುತ್ತಿತ್ತು. ನಾಲೆಯಲ್ಲಿ ನೀರು ನಿಲ್ಲಿಸಿದ ತಿಂಗಳಲ್ಲೂ ನೆನಪಾಗುತ್ತಿತ್ತು. ಮುದುಕಿಯೂ ಅವನನ್ನು ಹತ್ತಿರ ಬಿಡುತ್ತಿರಲಿಲ್ಲ. ಗಂಡುಮಗನ ಕೈಲಿ ಅಂಥ ಕೆಲಸ ಮಾಡಿಸಿಕೊಂಡರೆ ಪಾಪ ಬರುತ್ತದಂತೆ. ಸೊಸೆ ಕೈಲಿ ಮಾಡಿಸಿಕೊಂಡರೆ ಯಾವ ತೊಂದರೆಯೂ ಇಲ್ಲ.

ನನಗೆ ಆಗ ಹುರುಪು ಜಾಸ್ತಿ. ಆಸ್ಪತ್ರೆಯ ಸ್ಟೋರಿನವರನ್ನು ಕಾಡಿ ಬೇಡಿ ಒಂದು ಬೆಡ್‌ಪ್ಯಾನ್ ತಂದೆ. ಬೆಳ್ಳಗೆ ಹೊಳೆಯುವ ಎನಾಮಲ್ಲಿನದು, ನೀಲಿ ಅಂಚು. ಮಲಗಿದ ಕಡೆಯೇ ಎಲ್ಲ ಆಗುತ್ತೆ ಎಂದು ಜಯಮ್ಮನಿಗೆ ವಿವರಿಸಿ, ಪುಣ್ಯದ ಕೆಲಸ ಮಾಡಿದೆನೆಂದು ಬೀಗುತ್ತಾ ಮನೆಗೆ ಹೋದೆ. ಮುಂದಿನ ಸಲ ಹೋದಾಗ ನನ್ನನ್ನು ಜಗಲಿಯ ಮೇಲೆ ಕೂರಿಸಿ ಹುರಿಗಾಳು ತಂದುಕೊಟ್ಟರು. ತಂದದ್ದು ಅದರಲ್ಲೇ. ಅಷ್ಟು ಚೆಂದದ ಪಾತ್ರೆಯನ್ನು ಅಂಥದ್ದಕ್ಕೆ ಬಳಸಲು ದೊಡ್ಡತಾಯಮ್ಮನಿಗೆ ಮನಸ್ಸು ಬರಲಿಲ್ಲವಂತೆ. ಒಂದು ದಿನವೂ ಕೆಳಗೆ ಇಟ್ಟಿಲ್ಲ, ತಿನ್ನಿ ಎಂದು ಆಣೆ ಮಾಡಿದರು. ನಾನು ಕಡ್ಲೆ ಹಲ್ಲಿಗೆ ಆಗುವುದಿಲ್ಲ ಎಂದು ಸುಳ್ಳು ಹೇಳಿ ಪಾರಾದೆ. ಆ ಮನೆಗೆ ಬೇಕಾದದ್ದು ಪಾತ್ರೆಯಲ್ಲ, ಇನ್ನೊಂದು ಜೊತೆ ಕೈ ಎಂದು ನನಗೆ ಹೊಳೆದದ್ದು ಅವತ್ತು.

ಮುದುಕಿಯನ್ನು ತಿರುಗಿಸಿ ಮಲಗಿಸುವುದು, ಉಣ್ಣಿಸುವುದು, ಬಟ್ಟೆ ಒಗೆಯುವುದು, ಇವು ಒಂದು ತೂಕ. ನೋಡಲು ಬರುವ ನೆಂಟರು ಇನ್ನೊಂದು ತೂಕ. ನಮ್ಮ ಕಡೆ ಯಾರಾದರೂ ಮಲಗಿದ್ದಾರೆ ಎಂದರೆ ನೋಡಿಕೊಂಡು ಬರಲೇಬೇಕು, ಬರದಿದ್ದರೆ ಮದುವೆ ಮುಂಜಿಯಲ್ಲಿ ಮಾತು ಬರುತ್ತದೆ. ಬನ್ನು, ಮೋಸಂಬಿ ಹಿಡಿದು ಬರುತ್ತಾರೆ. ಇದೇ ಕಾಯಿಲೆಯಲ್ಲಿ ಸತ್ತ ತಮ್ಮ ಕಡೆಯವರ ಕಥೆಯನ್ನು ರೋಗಿಯ ಮುಂದೆ ಕೂತು ವಿವರವಾಗಿ ಹೇಳುತ್ತಾರೆ. ಅಷ್ಟು ಹೊತ್ತಿಗೆ ಕಾಫಿ ಆಗಬೇಕು, ಹೊತ್ತಾದರೆ ಊಟವೂ ಆಗಬೇಕು. ಜಯಮ್ಮ ಒಲೆಯ ಮುಂದಿಂದ ಮಂಚಕ್ಕೆ, ಮಂಚದಿಂದ ಒಲೆಗೆ ಓಡಾಡುತ್ತಿರುತ್ತಿದ್ದಳು. ಬಂದವರು ಹೋಗುವಾಗ, 'ಪುಣ್ಯವಂತೆ ಕಣವ್ವ, ಮನೇಲೇ ಕೂತು ಅತ್ತೆ ಸೇವೆ ಮಾಡ್ತಿದ್ದೀಯ' ಎಂದು ಹೇಳಿ ಹೋಗುತ್ತಿದ್ದರು. ಅವಳು ಕೂತದ್ದನ್ನು ಮಾತ್ರ ನಾನು ನೋಡಿದ್ದಿಲ್ಲ.

ಇಂಥ ಜಯಮ್ಮನಿಗೆ ಹಲ್ಲುನೋವು ಬಂತು. ಕೆಳದವಡೆಯದು, ಹುಳುಕು ಬಿದ್ದು ಬೇರಿನವರೆಗೂ ಹೋಗಿತ್ತು. ಲವಂಗ ಇಟ್ಟಳು, ಹೊಗೆಸೊಪ್ಪು ಇಟ್ಟಳು, ನಾನು ಕೊಟ್ಟ ಮಾತ್ರೆ ನುಂಗಿದಳು. ಕೆನ್ನೆ ಊದಿ ಒಂದು ಕಣ್ಣು ಚಿಕ್ಕದಾಗಿ ಕಾಣುತ್ತಿತ್ತು. ಮಂಡ್ಯದಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ಅರ್ಧ ದಿನದ ಕೆಲಸ, ಹೋಗಿ ಕೀಳಿಸಿಕೊಂಡು ಬಾ ಎಂದೆ.

'ಯಾರ್ನ ಕೂರ್ಸಿ ಓಗ್ಲಿ ನರ್ಸಮ್ಮ?' ಎಂದಳು.

ಯೋಚನೆ ಮಾಡಿದರೆ ನಿಜವಾಗಿಯೂ ಯಾರೂ ಇರಲಿಲ್ಲ. ಅಕ್ಕಪಕ್ಕದವರು ಒಂದು ಗಳಿಗೆ ನೋಡಿಕೊಂಡಾರು, ಅರ್ಧ ದಿನ ಆಗದು. ಅವರ ಮನೆಗಳಲ್ಲೂ ಕೆಲಸವಿದೆ. ನಾನೇ ಕೂತಿರುತ್ತೇನೆ ಎಂದೆ. ಅದಕ್ಕೆ ದೊಡ್ಡತಾಯಮ್ಮ ಮಂಚದ ಮೇಲಿಂದಲೇ ಬೊಬ್ಬೆ ಹಾಕಿದರು. ನನ್ನ ಜೊತೆ ಅವರನ್ನು ಒಂಟಿಯಾಗಿ ಬಿಟ್ಟರೆ ನಾನು ಆಪರೇಷನ್ ಮಾಡಿಸಿಬಿಡುತ್ತೇನಂತೆ. ಅವರಿಗೆ ಎಂಬತ್ತರ ಹತ್ತಿರ ವಯಸ್ಸು. 'ಇವ್ಳ ಕಣ್ಣು ನೋಡು, ಕೇಸು ಸಿಕ್ದಂಗೆ ನೋಡ್ತಾಳೆ' ಎಂದು ಸೊಸೆಗೆ ಎಚ್ಚರಿಕೆ ಕೊಟ್ಟರು. ನಮ್ಮ ಇಲಾಖೆ ಸಂಪಾದಿಸಿದ್ದ ಹೆಸರು ಅಂಥದ್ದು.

ನಾನು ಮಂಡ್ಯಕ್ಕೆ ಹೋಗಿ ನಮ್ಮ ಮೇಲಿನ ಡಾಕ್ಟರ್ ಸಾಹೇಬರ ಮುಂದೆ ನಿಂತೆ. ಊರಿಗೊಬ್ಬರಂತೆ ಬೇಡ, ನಾಲ್ಕು ಊರಿಗೆ ಒಬ್ಬಳು ಆಯಾ ಕೊಡಿ, ಇಂಥ ಮನೆಗಳಲ್ಲಿ ವಾರಕ್ಕೆ ಅರ್ಧ ದಿನ ಕೂತಿರಲಿ, ಮನೆಯವಳು ಉಸಿರು ಬಿಟ್ಟುಕೊಂಡು ಬರಲಿ ಎಂದೆ. ಸಾಹೇಬರು ಗಮನವಿಟ್ಟು ಕೇಳಿದರು. ಕೇಳಿ, ಆ ದೊಡ್ಡತಾಯಮ್ಮನಿಗೆ ಎಷ್ಟು ಮಕ್ಕಳು, ಆಪರೇಷನ್ ಆಗಿದೆಯೇ ಎಂದರು. ನಾನು ವಯಸ್ಸು ಹೇಳಿದೆ. ಹಾಗಾದರೆ ಸೊಸೆಗೆ ಆಗಿದೆಯೇ ಎಂದರು.

ನನಗೆ ರೇಗಿಹೋಯಿತು. ಆಸ್ಪತ್ರೆಯಲ್ಲಿ ಇದೇ ಮುದುಕಿ ಮಲಗಿದ್ದರೆ ಸರ್ಕಾರ ಮಂಚ ಕೊಡುತ್ತೆ, ಗಂಜಿ ಕೊಡುತ್ತೆ, ನರ್ಸು ಕೊಡುತ್ತೆ, ಬಟ್ಟೆ ಒಗೆಯಲು ಒಬ್ಬರು, ಕಸ ಗುಡಿಸಲು ಒಬ್ಬರು. ಅದೇ ಮುದುಕಿ ಮನೆಯಲ್ಲಿ ಮಲಗಿದರೆ ಸರ್ಕಾರಕ್ಕೆ ಅವಳು ಕಾಣಿಸುವುದೇ ಇಲ್ಲ, ಅಷ್ಟೂ ಜನರ ಕೆಲಸ ಮಾಡುವ ಜಯಮ್ಮನೂ ಕಾಣಿಸುವುದಿಲ್ಲ ಎಂದೆ. ಮೇಲಧಿಕಾರಿಗೆ ಹಾಗೆಲ್ಲ ಎದುರು ಮಾತಾಡುವ ಕಾಲ ಅದಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಂದು ನೋಡುತ್ತೇನೆ, ಅಂಥ ಕಷ್ಟ ಏನಿದೆ ಎಂದು ಕಣ್ಣಾರೆ ನೋಡೋಣ ಎಂದರು.

ಅವರು ಬರುವ ಸುದ್ದಿಯನ್ನು ನಾನು ಜಯಮ್ಮನಿಗೆ ಮುಂಚೆಯೇ ಹೇಳಿದ್ದು ಶುದ್ಧ ದಡ್ಡತನ. ಜೀಪು ನಿಂತಾಗ ಮನೆ ಮುಂದೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿತ್ತು. ದೊಡ್ಡತಾಯಮ್ಮ ತಲೆ ಬಾಚಿಸಿಕೊಂಡು, ಕನಕಾಂಬರ ಮುಡಿದು, ಒಗೆದ ದುಪ್ಪಟಿ ಹೊದ್ದು ಕೂತಿದ್ದರು. ಬೆಡ್‌ಪ್ಯಾನನ್ನು ಬೆಳಗಿ ಅದರ ತುಂಬ ಬಾಳೆಹಣ್ಣು ಇಟ್ಟು ಸಾಹೇಬರ ಮುಂದೆ ಹಿಡಿದರು. ಸಾಹೇಬರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ಬಾಳೆಹಣ್ಣು ಮುಟ್ಟಲಿಲ್ಲ.

ಮುದುಕಿ ಅವತ್ತು ಆಡಿದ ನಾಟಕ ಹೇಳತೀರದು. ದಿನಾ ಸೊಸೆಗೆ ಸಹಸ್ರನಾಮ ಹಾಡುತ್ತಿದ್ದ ಬಾಯಿ, ನನಗೇನು ಕಮ್ಮಿ ಸಾಮಿ, ರಾಣಿ ಥರ ನೋಡಿಕೊಳ್ಳುತ್ತಾಳೆ ಎಂದಿತು. ಬೆನ್ನು ನೋಡಿದರೆ ಒಂದು ಹುಣ್ಣಿಲ್ಲ. ಸಾಹೇಬರು ಎದ್ದು ನಿಂತು, ಇಷ್ಟು ಅಚ್ಚುಕಟ್ಟಾಗಿ ನಡೆಯುತ್ತಿರುವ ಮನೆಯಲ್ಲಿ ಸರ್ಕಾರಕ್ಕೇನು ಕೆಲಸ ಎಂದು ನನ್ನನ್ನು ಕೇಳಿದರು. ಚೆನ್ನಾಗಿ ನೋಡಿಕೊಳ್ಳದಿದ್ದರೆ ಜಯಮ್ಮ ಕೆಟ್ಟ ಸೊಸೆ, ಚೆನ್ನಾಗಿ ನೋಡಿಕೊಂಡರೆ ಸಹಾಯ ಬೇಡ.

ಉತ್ತರ ಕೊಟ್ಟದ್ದು ಜಯಮ್ಮ. ಊದಿದ ಕೆನ್ನೆಗೆ ಸೆರಗು ಒತ್ತಿಕೊಂಡು ಬಂದು ನಿಂತಳು.

'ಅಂಗಾರೆ ಸಾಮಿ, ಕಷ್ಟ ಇಲ್ಲ ಅಂದ್ಮೇಲೆ ನೀವೇ ವಸಿ ಕೂತಿರಿ. ನಾ ಮಂಡ್ಯಕ್ಕೋಗಿ ಅಲ್ಲು ಕೀಳುಸ್ಕಂಡು ಬತ್ತೀನಿ.'

ಹೇಳಿದವಳೇ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಬಸ್ಸಿನ ಹಾರನ್ನು ಕೇಳಿಸಿತು, ಬಸ್ಸು ಹೋದದ್ದೂ ಕೇಳಿಸಿತು. ಸಾಹೇಬರು ಅಭಿಮಾನದ ಮನುಷ್ಯ, ಮಾತು ಆಡಿಬಿಟ್ಟಿದ್ದರು. ಅರ್ಧ ದಿನ ತಾನೇ ಎಂದು ಕೂತರು. ನೀವು ನೋಡಿಕೊಳ್ಳಿ ಎಂದು ನನಗೆ ಹೇಳುವ ಮೊದಲೇ ನಾನು ಕೂಸುಗಳಿಗೆ ಚುಚ್ಚುಮದ್ದು ಹಾಕುವುದಿದೆ ಎಂದು ಚೀಲ ಎತ್ತಿಕೊಂಡು ಎದುರು ಮನೆಯ ಜಗಲಿಗೆ ಹೋಗಿ ಕೂತೆ. ಅಲ್ಲಿಂದ ಹಜಾರ ಚೆನ್ನಾಗಿ ಕಾಣುತ್ತಿತ್ತು.

ಮೊದಮೊದಲು ನನಗೆ ದಿಗಿಲೇ ಆಯಿತು, ಯಾಕೆಂದರೆ ಸಾಹೇಬರು ಚೆನ್ನಾಗಿಯೇ ನಿಭಾಯಿಸಿದರು. ಮುದುಕಿಗೆ ನೀರು ಕುಡಿಸಿದರು, ಮಗ್ಗುಲು ಬದಲಾಯಿಸಿದರು. ಗಂಡಸರು ಮುಟ್ಟಬಾರದು ಎಂಬ ಕಟ್ಟಳೆಯನ್ನೂ ದೊಡ್ಡತಾಯಮ್ಮ ಸಡಿಲಿಸಿದ್ದರು. 'ಡಾಕ್ಟ್ರು ಗಂಡಸ್ರ ಲೆಕ್ಕುಕ್ಕೆ ಬರಾಕಿಲ್ಲ ಕಣಪ್ಪ' ಎಂದು ಅವರ ಮುಖಕ್ಕೇ ಹೇಳಿದರು. ಬಟ್ಟೆ ಬದಲಾಯಿಸುವ ಹೊತ್ತು ಬಂದಾಗ ಸಾಹೇಬರು ಅದನ್ನೂ ಮಾಡಿದರು. ಆದರೆ ಮುದುಕಿಯನ್ನು ಒಂದು ಕೈಲಿ ಎತ್ತಿ ಹಿಡಿದು ಇನ್ನೊಂದು ಕೈಲಿ ದುಪ್ಪಟಿ ಎಳೆಯುವಾಗ ಅವರ ಶರಟು, ಪ್ಯಾಂಟು ಪೂರ್ತಿ ನೆನೆದವು. ಅಷ್ಟರಲ್ಲಿ ಇಣುಕಿದ ಸಿದ್ದೇಗೌಡ ತನ್ನದೊಂದು ಪಂಚೆ ಕೊಟ್ಟು, ನೀರು ಕಟ್ಟುವುದಿದೆ ಎಂದು ಓಡಿದ.

ಸಾಹೇಬರ ಡ್ರೈವರು ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿದ್ದ. ಜೀಪು ಯಾಕೆ ಬಂದಿದೆ ಎಂದು ಕೇಳಿದವರಿಗೆ, ದೊಡ್ಡ ಡಾಕ್ಟರು ಬೆಳಗ್ಗೆಯಿಂದ ದೊಡ್ಡತಾಯಮ್ಮನ ಮಂಚದ ಪಕ್ಕ ಬಿಟ್ಟು ಕದಲಿಲ್ಲ ಎಂದು ಇದ್ದದ್ದನ್ನೇ ಹೇಳಿದ. ಟೀ ಅಂಗಡಿಯಲ್ಲಿದ್ದವರೆಲ್ಲ ಲೋಟ ಕೆಳಗಿಟ್ಟರು. ಆಸ್ಪತ್ರೆಯಲ್ಲಿ ನಾಲಿಗೆ ಚಾಚು ಅಂದು ಚಾಚುವುದರೊಳಗೆ ಮುಂದಿನವನನ್ನು ಕರೆಯುವ ಡಾಕ್ಟರು, ಅಷ್ಟು ಹೊತ್ತು ಒಬ್ಬ ಮುದುಕಿಯ ಪಕ್ಕ ಕೂತಿದ್ದಾರೆ ಎಂದರೆ ಅದಕ್ಕೆ ಅರ್ಥ ಒಂದೇ. ಹೋಗುವ ಬರುವ ಬಸ್ಸುಗಳ ಕಂಡಕ್ಟರುಗಳ ಕೈಲಿ ನೆಂಟರಿಷ್ಟರಿಗೆ ಹೇಳಿ ಕಳಿಸಿದರು. ಪಕ್ಕದ ಮನೆಯ ಬೋರಯ್ಯ, ಪಾಪ ಆ ಹೆಣ್ಣುಮಗಳಿಗೆ ಗೊತ್ತಾಗಬೇಡವೇ ಎಂದು ಜಯಮ್ಮನನ್ನು ಹುಡುಕಿಕೊಂಡು ಮಂಡ್ಯದ ಬಸ್ಸು ಹತ್ತಿದ.

ಕೊನೇ ಸಲ ಮುಖ ನೋಡಲು ಜನ ಬರತೊಡಗಿದರು. ಮೊದಲು ಅದೇ ಬೀದಿಯವರು, ಆಮೇಲೆ ಆತಗೂರಿನಿಂದ ಮುದುಕಿಯ ತಂಗಿ ಮನೆಯವರು, ಮಧ್ಯಾಹ್ನದ ಹೊತ್ತಿಗೆ ಹೊಳಲಿಗೆ ಕೊಟ್ಟಿದ್ದ ಮಗಳು ಬಾಗಿಲಿಂದಲೇ ಅವ್ವೋ ಎಂದು ಎದೆ ಬಡಿದುಕೊಂಡು ಬಂದಳು. ಮಂಚದ ಮೇಲೆ ಕೂತು ಬನ್ನು ತಿನ್ನುತ್ತಿದ್ದ ದೊಡ್ಡತಾಯಮ್ಮ ಬೆಚ್ಚಿಬಿದ್ದು, ಯಾರು ಹೋದರು ಎಂದು ಕೇಳಿದರು. ಯಾರೂ ಹೇಳಲೊಲ್ಲರು.

ಪಂಚೆ ಉಟ್ಟು ಬನಿಯನ್ನಿನಲ್ಲಿ ನಿಂತಿದ್ದ ಸಾಹೇಬರು ಯಾರು ಎಂದು ಯಾರಿಗೂ ತಿಳಿಯಲಿಲ್ಲ. ಒಬ್ಬ ಅಜ್ಜ, ತಿಥಿಗೆ ಅಡುಗೆಯವನನ್ನು ಆಗಲೇ ಕರೆಸಿದ್ದಾರೆ, ಜಯಮ್ಮ ಜಾಣೆ ಎಂದ. ದೊಡ್ಡ ಡಾಕ್ಟರು ಎಲ್ಲಿ ಎಂದು ಅವರನ್ನೇ ಕೇಳಿದರು. ನಾನೇ ಎಂದು ಸಾಹೇಬರು ಹೇಳಿದಾಗ ಸಾವಿನ ಮನೆಯಲ್ಲಿ ತಮಾಷೆ ಮಾಡಬಾರದು ಎಂದು ಬುದ್ಧಿ ಹೇಳಿದರು. ಮುದುಕಿಯೋ, ಮನೆಗೆ ಬಂದವರು ಬರಿ ಬಾಯಲ್ಲಿ ಕೂತಿರುವುದನ್ನು ಸಹಿಸುವವರಲ್ಲ. 'ಏಳಪ್ಪ, ಬೆಲ್ಲ ಅಟ್ಟದ ಮೇಲದೆ, ವಸಿ ಕಾಪಿ ಇಡು' ಎಂದು ಅಪ್ಪಣೆ ಕೊಟ್ಟರು. ಜಿಲ್ಲೆಯ ಅರ್ಧ ಡಾಕ್ಟರುಗಳನ್ನು ನಡುಗಿಸುತ್ತಿದ್ದ ಮನುಷ್ಯ ಊದುಗೊಳವೆ ಹಿಡಿದು ಹಸಿ ಸೌದೆಯ ಮುಂದೆ ಕುಕ್ಕರಗಾಲಲ್ಲಿ ಕೂತದ್ದನ್ನು ನಾನು ಜಗಲಿಯಿಂದ ನೋಡಿದೆ. ಕಣ್ಣಲ್ಲಿ ನೀರು, ಮೂಗಿನ ತುದಿಗೆ ಮಸಿ. ಕಾಫಿ ಕೊಟ್ಟು ಮುಗಿಸುವುದರೊಳಗೆ ಇನ್ನೊಂದು ಬಸ್ಸು ಬಂತು. ಕಾಫಿ ಕುಡಿದ ಅಜ್ಜ, ಬೆಲ್ಲ ಸಾಲದು ಎಂದ. ಇತ್ತ ಮುದುಕಿ ಮತ್ತೆ ಮಗ್ಗುಲು ಬದಲಾಯಿಸು ಎಂದು ಕೂಗುತ್ತಿದ್ದರು.

ಆಗ ನಾನು ಎದ್ದು ಹೋದೆ. ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಿದ್ದೆ ನಿಜ, ಆದರೂ ಅವರೂ ಮನುಷ್ಯರು ತಾನೇ. ಸಾಹೇಬರು ನನ್ನನ್ನು ಕಂಡು ಒಂದೇ ಮಾತು ಕೇಳಿದರು. 'ಇವರು ದಿನಾ ಹೀಗೆ ಬರ್ತಾರಾ?'

ದಿನಾ ಇಷ್ಟು ಜನ ಬರಲ್ಲ ಸಾರ್, ಆದರೆ ಬರದ ದಿನ ಇಲ್ಲ ಎಂದೆ.

ಅಷ್ಟರಲ್ಲಿ ಜಯಮ್ಮ ಬಂದಳು. ಮಂಡ್ಯದಲ್ಲಿ ಅವಳು ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಳಂತೆ. ಇಂಜೆಕ್ಷನ್ ಕೊಟ್ಟಾಗಿತ್ತು, ಡಾಕ್ಟರು ಇಕ್ಕಳ ಕೈಗೆತ್ತಿಕೊಂಡಿದ್ದರು. ಬೋರಯ್ಯ ಒಳಗೆ ನುಗ್ಗಿ, ನಿಮ್ಮತ್ತೆ ಹೋದರು ಎಂದುಬಿಟ್ಟಿದ್ದ. ಅವನು ಹೊರಟಾಗ 'ಹೋಗುತ್ತಾರಂತೆ' ಎಂದಿದ್ದದ್ದು ಮದ್ದೂರು ದಾಟುವುದರೊಳಗೆ ಅವನ ತಲೆಯಲ್ಲಿ 'ಹೋದರು' ಆಗಿತ್ತು. ಮಂಡ್ಯದಲ್ಲಿ ಹೂವು ಅಗ್ಗ ಎಂದು ಒಂದು ಹಾರವನ್ನೂ ಕೊಂಡಿದ್ದ. ಜಯಮ್ಮ ಕುರ್ಚಿಯಿಂದ ಎದ್ದವಳೇ ಬಸ್ಸು ಹತ್ತಿದ್ದಳು.

ಅರ್ಧ ಮುಖ ಮರಗಟ್ಟಿ, ಅರ್ಧ ಬಾಯಲ್ಲಿ ಅಳುತ್ತಾ ಅವಳು ಒಳಗೆ ಬಂದಳು. ಮಂಚದ ಮೇಲೆ ಅತ್ತೆ ಕೂತಿದ್ದರು. ಹಿಂದೆ ಬೋರಯ್ಯ ಹಾರ ಹಿಡಿದು ನಿಂತಿದ್ದ. ದೊಡ್ಡತಾಯಮ್ಮನಿಗೆ ಆಗ ಎಲ್ಲ ಅರ್ಥವಾಯಿತು.

'ತಂದಿದ್ದೀಯಲ್ಲ, ಬುಡು, ದೇವ್ರ ಪಟಕ್ಕಾಕು' ಎಂದರು. 'ನಂಗಾದ್ರೆ ಇನ್ನೂ ದಪ್ಪುಂದು ತರ್ಬೇಕಾಯ್ತದೆ.'

ಜನ ನಕ್ಕರು. ಸಾಹೇಬರು ನಗಲಿಲ್ಲ. ಜಯಮ್ಮನ ಹತ್ತಿರ ಬಂದು, ಹಲ್ಲು ತೆಗೆಸಿಕೊಂಡೆಯಾ ಎಂದು ಕೇಳಿದರು. ಅವಳು ಬಾಯಿ ತೆರೆದು ತೋರಿಸಿದಳು. ಹಲ್ಲು ಇದ್ದಲ್ಲೇ ಇತ್ತು. ಅವಳಿಗೆ ಸಿಕ್ಕಿದ್ದ ಒಂದು ಅರ್ಧ ದಿನವನ್ನೂ ಊರಿನವರೆಲ್ಲ ಸೇರಿ, ಒಳ್ಳೆಯ ಮನಸ್ಸಿನಿಂದಲೇ, ಹಾಳು ಮಾಡಿದ್ದರು. ನನಗೆ ಅಳು ಬಂತು. ಅವಳು ಆಗಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಾಫಿ ಲೋಟಗಳನ್ನು ಎತ್ತುತ್ತಿದ್ದಳು.

ಸಾಹೇಬರು ಅವಳ ಕೈಯಿಂದ ಲೋಟ ಕಿತ್ತುಕೊಂಡರು. ಡ್ರೈವರನ್ನು ಕರೆದು, ಈ ಅಮ್ಮನನ್ನು ಜೀಪಿನಲ್ಲಿ ಮಂಡ್ಯಕ್ಕೆ ಕರೆದುಕೊಂಡು ಹೋಗು, ಹಲ್ಲು ಕಿತ್ತಾದ ಮೇಲೆ ಕರೆದುಕೊಂಡು ಬಾ, ದಾರಿಯಲ್ಲಿ ಯಾರು ಸತ್ತರೂ ನಿಲ್ಲಿಸಬೇಡ ಎಂದರು. ಜಯಮ್ಮ ಅತ್ತೆಯನ್ನೂ ಒಲೆಯನ್ನೂ ನೋಡಿದಳು.

'ನಾನಿದ್ದೀನಲ್ಲಮ್ಮ, ಹೋಗು' ಎಂದರು ಸಾಹೇಬರು.

ಅವಳು ಹೋದ ಮೇಲೆ ಬಾಗಿಲಲ್ಲಿ ನಿಂತು, ನೋಡಲು ಬಂದವರೆಲ್ಲ ಇನ್ನು ಮೇಲೆ ಒಂದು ಕೆಲಸ ಮಾಡಿಯೇ ಹೋಗಬೇಕು ಎಂದು ಸಾರಿದರು. ಹೊಳಲಿನ ಮಗಳು ಬಟ್ಟೆ ಒಗೆದಳು, ಆತಗೂರಿನವರು ನೀರು ಸೇದಿದರು. ಬೆಲ್ಲ ಸಾಲದು ಎಂದ ಅಜ್ಜನ ಕೈಗೆ ಊದುಗೊಳವೆ ಬಂತು. ಅರ್ಧ ಜನ ತಮಗೆ ಬಸ್ಸಿಗೆ ಹೊತ್ತಾಯಿತೆಂದು ಜಾಗ ಖಾಲಿ ಮಾಡಿದರು.

ಆಮೇಲೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾಹೇಬರು ಬೆಂಗಳೂರಿಗೆ ಬರೆದರು, ಹೋಗಿ ಜಗಳವನ್ನೂ ಆಡಿದರು. ಬಹಳ ಓಡಾಟವಾದ ಮೇಲೆ ದಿನಗೂಲಿಯ ಮೇಲೆ ಒಬ್ಬಳು ಆಯಾ ಬಂದಳು. ಅವಳು ಹೋದ ಮನೆಗಳಲ್ಲಿ ಹೆಂಗಸರು ಅರ್ಧ ದಿನ ತವರಿಗೆ ಹೋಗಿಬಂದರು, ಸಂತೆಗೆ ಹೋದರು, ಒಬ್ಬಳು ಅಷ್ಟೂ ಹೊತ್ತು ನಿದ್ದೆ ಮಾಡಿದಳು. ಸಾಹೇಬರಿಗೆ ವರ್ಗವಾದ ಮೇಲೆ ದುಡ್ಡಿಲ್ಲ ಎಂದು ಆ ಕೆಲಸವನ್ನು ತೆಗೆದುಹಾಕಿದರು. ಅದೇ ವರ್ಷ ಆಸ್ಪತ್ರೆಗೆ ಹೊಸ ಕಾಂಪೌಂಡು ಕಟ್ಟಿಸಲು ದುಡ್ಡಿತ್ತು. ಈಗ ಕೆಲಸಕ್ಕೆ ಸೇರುತ್ತಿರುವ ನೀವು ಕೇಳಬೇಕಾದದ್ದು ಇದನ್ನೇ. ಆಯಾ ಕೇಳಿ, ಮನೆಯವಳಿಗೆ ರಜ ಕೇಳಿ, ಅವಳಿಗೆ ಸಂಬಳ ಕೇಳಲೂ ನಾಚಬೇಡಿ. ಮೇಲಿನವರು ನಂಬದಿದ್ದರೆ ಕರೆದುಕೊಂಡು ಹೋಗಿ ಕೂರಿಸಿ. ಜೊತೆಗೆ ಒಂದು ಪಂಚೆ ಇಟ್ಟುಕೊಂಡಿರಿ.

ಅವತ್ತು ಜೀಪು ವಾಪಸು ಬಂದಾಗ ದೀಪ ಹಚ್ಚುವ ಹೊತ್ತು. ಜಯಮ್ಮನ ಬಾಯಿ ತುಂಬ ಹತ್ತಿ ತುರುಕಿದ್ದರು, ಮಾತಾಡುವ ಹಾಗಿರಲಿಲ್ಲ. ಸಾಹೇಬರು ಒಣಗಿದ ಪ್ಯಾಂಟು ಹಾಕಿಕೊಂಡು, ಮುದುಕಿಗೆ ಏನೇನು ತಿನ್ನಿಸಿದೆ, ಯಾವಾಗ ಮಗ್ಗುಲು ಬದಲಾಯಿಸಿದೆ ಎಂದು ಆಸ್ಪತ್ರೆಯಲ್ಲಿ ಹೇಳುವ ಹಾಗೆಯೇ ಒಂದೊಂದಾಗಿ ಒಪ್ಪಿಸಿದರು. ಬೆನ್ನು ನೆಟ್ಟಗೆ ಮಾಡಿಕೊಂಡರು. ಸುಸ್ತಾಗಿದ್ದರು, ಎಲ್ಲಿದ್ದೇನೆ ಎಂಬುದೇ ಮರೆತಿರಬೇಕು. ವಾರ್ಡಿನಲ್ಲಿ ಕೇಳುವ ಅಭ್ಯಾಸದಲ್ಲಿ ಕೇಳಿದರು.

'ಸರಿ, ರಾತ್ರಿ ಡ್ಯೂಟಿ ಯಾರದಮ್ಮ?'

ಜಯಮ್ಮ ಅವರ ಮುಖ ನೋಡಿದಳು. ಬೆರಳು ತನ್ನ ಎದೆಗೆ ಇಟ್ಟು ತೋರಿಸಿ, ಮಂಚದ ಕಡೆಗೆ ಹೋದಳು.